ಆಫ್ರಿಕದ ನೆನಪುಗಳ ದಾಖಲೀಕರಣ: ಹೇಳಿದವರ ಮನಸ್ಸಿನ ಹೊಣೆ ಯಾರದು?

1996ರ ಏಪ್ರಿಲ್ ಮಧ್ಯದಲ್ಲಿ ವರ್ಣಭೇದ ಕಾಲದ ದೌರ್ಜನ್ಯಗಳ ಸಾಕ್ಷ್ಯ ಕೇಳಲು ದಕ್ಷಿಣ ಆಫ್ರಿಕದಲ್ಲಿ ರಚನೆಯಾದ ಸತ್ಯ ಮತ್ತು ಸಾಮರಸ್ಯ ಆಯೋಗವು ತನ್ನ ಮೊದಲ ಬಹಿರಂಗ ವಿಚಾರಣೆಯನ್ನು ಈಸ್ಟ್ ಲಂಡನ್ ಊರಿನ ನಗರಭವನದಲ್ಲಿ ಆರಂಭಿಸಿತು. ವರ್ಣಭೇದ ಸರ್ಕಾರದ ಭದ್ರತಾ ಪೊಲೀಸರು 1985ರಲ್ಲಿ ಕೊಂದ ಕ್ರಾಡಕ್ ಊರಿನ ನಾಲ್ವರು ಹೋರಾಟಗಾರರಲ್ಲಿ ಒಬ್ಬರಾದ ಫೋರ್ಟ್ ಕಲಾಟ ಅವರ ಪತ್ನಿ ನೊಮೊಂಡೆ ಕಲಾಟ ಅಲ್ಲಿ ಸಾಕ್ಷಿ ಹೇಳುತ್ತಿದ್ದಾಗ ಮಾತು ಮುರಿದು ಹೊರಟ ಆರ್ತನಾದವು ರೇಡಿಯೊ ಮತ್ತು ದೂರದರ್ಶನದ ಮೂಲಕ ಇಡೀ ದೇಶಕ್ಕೆ ಕೇಳಿಸಿತು. ಅಂದಿನಿಂದ ಆ ಕೂಗು ಸಾಕ್ಷ್ಯಚಿತ್ರಗಳಲ್ಲಿ, ತರಗತಿಗಳಲ್ಲಿ, ಪುಸ್ತಕಗಳ ಪುಟಗಳಲ್ಲಿ ಮತ್ತೆ ಮತ್ತೆ ಕೇಳಿಬರುತ್ತಿದೆ. ಆದರೆ ಆ ಕೊಲೆಗಳ ಕುರಿತ ಮೂರನೆಯ ನ್ಯಾಯಾಂಗ ತನಿಖೆ ಗೆಬೆಹಾ ನಗರದಲ್ಲಿ ಶುರುವಾಗಲು 2025ರ ಜೂನ್ ಬರಬೇಕಾಯಿತು. ದಾಖಲೆ ಸುಮಾರು ಮೂರು ದಶಕ ಎಲ್ಲರಿಗೂ ಲಭ್ಯವಿತ್ತು. ದಾಖಲೆ ಕೊಟ್ಟ ಕುಟುಂಬಕ್ಕೆ ಬೇಕಿದ್ದ ಉತ್ತರ ಮಾತ್ರ ಲಭ್ಯವಿರಲಿಲ್ಲ.

ಆಫ್ರಿಕದ ಮತ್ತು ಆಫ್ರಿಕ ಮೂಲದ ಸಮುದಾಯಗಳ ಪರಂಪರೆಯನ್ನು ಸಮುದಾಯದವರೇ ದಾಖಲಿಸಬೇಕೆಂಬ ಒತ್ತಾಯ ಈಗ ಹಿಂದೆಂದಿಗಿಂತ ಬಲವಾಗಿದೆ. ಸುಡಾನಿನಲ್ಲಿ 2023ರ ಏಪ್ರಿಲ್‌ನಲ್ಲಿ ಆರಂಭವಾದ ಯುದ್ಧದಲ್ಲಿ ಖಾರ್ಟೂಮಿನ ರಾಷ್ಟ್ರೀಯ ವಸ್ತುಸಂಗ್ರಹಾಲಯ ಲೂಟಿಯಾದದ್ದನ್ನೂ, 2021ರ ಏಪ್ರಿಲ್‌ನ ಬೆಂಕಿಯಲ್ಲಿ ಕೇಪ್‌ಟೌನ್ ವಿಶ್ವವಿದ್ಯಾಲಯದ ಜ್ಯಾಗರ್ ವಾಚನಾಲಯ ಮತ್ತು ಅಲ್ಲಿದ್ದ ಆಫ್ರಿಕ ಅಧ್ಯಯನದ ಗ್ರಂಥಗಳು ಸುಟ್ಟುಹೋದದ್ದನ್ನೂ ನೋಡಿದವರಿಗೆ ಆ ಆತುರ ಅರ್ಥವಾಗುತ್ತದೆ. ಫೋನಿನಲ್ಲೇ ಧ್ವನಿಮುದ್ರಣ, ಫೋಟೊ, ಸ್ಕ್ಯಾನಿಂಗ್ ಎಲ್ಲವೂ ಸಾಧ್ಯವಾಗಿರುವಾಗ ಹಿರಿಯರ ಮಾತನ್ನು ಇಂದೇ ಹಿಡಿದಿಡಬೇಕೆಂಬ ಕಾತರ ಸಹಜವಾದದ್ದು. ಆದರೆ ಈ ಪರಂಪರೆಯಲ್ಲಿ ಹಾಡು, ಅಡುಗೆ, ನೇಯ್ಗೆಗಳ ಜೊತೆಗೆ ಗುಲಾಮಗಿರಿ, ಒಕ್ಕಲೆಬ್ಬಿಸುವಿಕೆ, ಬಂಧನಶಿಬಿರ, ಹತ್ಯಾಕಾಂಡ, ಏಡ್ಸ್ ಸಾವುಗಳೂ ಸೇರಿವೆ. ಅವುಗಳನ್ನು ಹೇಳಿಸುವುದೆಂದರೆ ಒಬ್ಬ ಮನುಷ್ಯನನ್ನು ಅವು ನಡೆದ ದಿನಕ್ಕೆ ಮರಳಿ ಕರೆದುಕೊಂಡು ಹೋಗುವುದು. ಅಲ್ಲಿಂದ ವಾಪಸು ಕರೆತರುವ ಹೊಣೆ ಯಾರದು ಎಂಬುದನ್ನು ಮೊದಲೇ ತೀರ್ಮಾನಿಸದ ದಾಖಲೀಕರಣ, ಅದರ ಉದ್ದೇಶ ಎಷ್ಟೇ ಒಳ್ಳೆಯದಿದ್ದರೂ, ಹೇಳಿದವರಿಗೆ ಹಾನಿ ಮಾಡಬಲ್ಲದು. ಇದನ್ನು ಆಫ್ರಿಕದ ಅನುಭವವೇ ಕಲಿಸಿಕೊಟ್ಟಿದೆ.

ಹೇಳಿಕೊಂಡರೆ ಮನಸ್ಸು ಹಗುರವಾಗುತ್ತದೆ ಎಂದು ನಾವೂ ನಂಬಿದ್ದೇವೆ. ದಕ್ಷಿಣ ಆಫ್ರಿಕದ ಆಯೋಗವಂತೂ ಬಯಲುಮಾಡುವುದೇ ಗುಣವಾಗುವ ದಾರಿ ಎಂಬುದನ್ನು ತನ್ನ ಘೋಷಣೆಗಳಲ್ಲಿ ಒಂದಾಗಿಸಿಕೊಂಡಿತ್ತು. ಅದು ಸಂಗ್ರಹಿಸಿದ ಸುಮಾರು 21,000 ಹೇಳಿಕೆಗಳಲ್ಲಿ ಹತ್ತರಲ್ಲಿ ಒಂದರಷ್ಟು ಮಾತ್ರ ಬಹಿರಂಗ ವೇದಿಕೆಗೆ ಬಂದವು. ಈ ನಂಬಿಕೆಯನ್ನು ಪರೀಕ್ಷಿಸಿದ ಕೇಪ್‌ಟೌನಿನ ಮನೋವೈದ್ಯಕೀಯ ಸಂಶೋಧಕರು ಬಹಿರಂಗವಾಗಿ ಸಾಕ್ಷಿ ಹೇಳಿದವರು, ಗುಪ್ತವಾಗಿ ಹೇಳಿಕೆ ಕೊಟ್ಟವರು, ಏನನ್ನೂ ಹೇಳದೆ ಉಳಿದವರು ಹೀಗೆ ಒಟ್ಟು 134 ಸಂತ್ರಸ್ತರನ್ನು ಹೋಲಿಸಿ 2001ರಲ್ಲಿ ಫಲಿತಾಂಶ ಪ್ರಕಟಿಸಿದರು. ಖಿನ್ನತೆಯಲ್ಲಾಗಲಿ ಆಘಾತೋತ್ತರ ಒತ್ತಡದ ಕಾಯಿಲೆಯಲ್ಲಾಗಲಿ ಈ ಮೂರು ಗುಂಪುಗಳ ನಡುವೆ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಹೇಳಿದ್ದು ದೇಶದ ಇತಿಹಾಸಕ್ಕೆ ಅಗತ್ಯವಾಗಿತ್ತು, ಹೇಳಿದವರ ನಿದ್ದೆಯನ್ನು ಅದು ಮರಳಿಸಲಿಲ್ಲ.

ರುವಾಂಡಾದಿಂದ ಬಂದ ವರದಿ ಇನ್ನೂ ಕಳವಳಕಾರಿ. 1994ರಲ್ಲಿ ನಡೆದ ಟುಟ್ಸಿ ಸಮುದಾಯದವರ ಹತ್ಯಾಕಾಂಡದ ಆರೋಪಿಗಳನ್ನು ಊರವರ ಮುಂದೆಯೇ ವಿಚಾರಿಸಲು ಸ್ಥಾಪಿಸಿದ ಗಚಾಚ ನ್ಯಾಯಕೂಟಗಳು 2012ರಲ್ಲಿ ಮುಚ್ಚುವ ಹೊತ್ತಿಗೆ ಹತ್ತೊಂಬತ್ತು ಲಕ್ಷಕ್ಕೂ ಹೆಚ್ಚು ಪ್ರಕರಣಗಳನ್ನು ಮುಗಿಸಿದ್ದವು, ಕೋಟಿಗಟ್ಟಲೆ ಪುಟಗಳ ದಾಖಲೆಯನ್ನು ಉಳಿಸಿಹೋದವು. ಸ್ವೀಡನ್ನಿನ ಸಂಶೋಧಕಿ ಕರೆನ್ ಬ್ರೂನಿಯಸ್ 1,200 ರುವಾಂಡನ್ನರ ಸಮೀಕ್ಷೆ ನಡೆಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಈ ಕೂಟಗಳಲ್ಲಿ ಸಾಕ್ಷಿ ಹೇಳಿದವರಲ್ಲಿ ಖಿನ್ನತೆ ಮತ್ತು ಆಘಾತದ ಲಕ್ಷಣಗಳು ಹೇಳದವರಿಗಿಂತ ಹೆಚ್ಚಾಗಿದ್ದವು. ಸಿಯೆರಾ ಲಿಯೋನ್‌ನ 200 ಹಳ್ಳಿಗಳಲ್ಲಿ ನಡೆದ, 2016ರಲ್ಲಿ ಪ್ರಕಟವಾದ ಮತ್ತೊಂದು ದೊಡ್ಡ ಪ್ರಯೋಗವೂ ಇದೇ ದಿಕ್ಕಿಗೆ ಬೊಟ್ಟು ಮಾಡಿತು. ಊರಿನ ನಡುವೆ ಬೆಂಕಿ ಹಚ್ಚಿಕೊಂಡು ಕೂತು ಅಂತರ್ಯುದ್ಧದ ನೋವನ್ನು ಹೇಳಿಕೊಂಡ ಹಳ್ಳಿಗಳಲ್ಲಿ ಕ್ಷಮೆ ಹೆಚ್ಚಿತು, ಪರಸ್ಪರ ಸಹಾಯ ಬೆಳೆಯಿತು. ಆದರೆ ಅದೇ ಹಳ್ಳಿಗಳ ಜನರ ಮಾನಸಿಕ ಆರೋಗ್ಯ ಕುಸಿಯಿತು, ಮತ್ತು ಆ ಕುಸಿತ ಎರಡೂವರೆ ವರ್ಷದ ನಂತರವೂ ಅಳತೆಗೆ ಸಿಕ್ಕಿತು. ಸಮುದಾಯದ ಒಳಿತಿಗೆ ವ್ಯಕ್ತಿಯೊಬ್ಬ ತೆತ್ತ ಬೆಲೆ ಇದು. ಈ ಬೆಲೆಯನ್ನು ನೋಡದೆ ಸಾಮೂಹಿಕ ಸ್ಮರಣೆಯ ಮಹತ್ವವನ್ನಷ್ಟೇ ಕೊಂಡಾಡುವುದು ನನಗೆ ಪ್ರಾಮಾಣಿಕವೆನಿಸುವುದಿಲ್ಲ.

ಹಾಗಾದರೆ ಸುಮ್ಮನಿರುವುದೇ ಒಳ್ಳೆಯದೆ? ಅದೂ ಅಲ್ಲವೆಂದು ತೋರಿಸುವ ಪುರಾವೆ ಆಫ್ರಿಕದಲ್ಲೇ ಇದೆ. ಉತ್ತರ ಉಗಾಂಡಾದ ಇಂವೇಪಿ ವಸತಿಯಲ್ಲಿದ್ದ 43 ಸುಡಾನಿ ನಿರಾಶ್ರಿತರೊಂದಿಗೆ ಜರ್ಮನ್ ಮನಶ್ಶಾಸ್ತ್ರಜ್ಞರು ಒಂದು ಚಿಕಿತ್ಸಾ ವಿಧಾನವನ್ನು ಪ್ರಯೋಗಿಸಿ 2004ರಲ್ಲಿ ಪ್ರಕಟಿಸಿದರು. ಈ ವಿಧಾನದಲ್ಲಿ ನೆಲದ ಮೇಲೆ ಹಗ್ಗವೊಂದನ್ನು ಹಾಸಿ, ಹುಟ್ಟಿನಿಂದ ಇಂದಿನವರೆಗಿನ ಬದುಕನ್ನು ಅದರುದ್ದಕ್ಕೂ ಗುರುತಿಸಲಾಗುತ್ತದೆ. ಸಂತೋಷದ ಘಟನೆಗೆ ಹೂವು, ದುಃಖದ ಘಟನೆಗೆ ಕಲ್ಲು. ನಂತರದ ಭೇಟಿಗಳಲ್ಲಿ ಆ ವ್ಯಕ್ತಿ ತನ್ನ ಕಥೆಯನ್ನು ಅನುಕ್ರಮವಾಗಿ ಹೇಳುತ್ತಾ ಹೋಗುತ್ತಾನೆ, ಕೇಳುವವರು ಬರೆದುಕೊಳ್ಳುತ್ತಾರೆ, ಮುಂದಿನ ಭೇಟಿಯಲ್ಲಿ ಬರೆದದ್ದನ್ನು ಅವನಿಗೇ ಓದಿ ಹೇಳುತ್ತಾರೆ, ಅವನು ತಿದ್ದುತ್ತಾನೆ, ಸೇರಿಸುತ್ತಾನೆ. ಕೊನೆಗೆ ಪೂರ್ಣ ಜೀವನಕಥೆಯ ಪ್ರತಿ ಅವನ ಕೈ ಸೇರುತ್ತದೆ. ಒಂದು ವರ್ಷದ ನಂತರ ನೋಡಿದಾಗ ಹೀಗೆ ಕಥೆ ಹೇಳಿದವರಲ್ಲಿ ನೂರಕ್ಕೆ 29 ಮಂದಿಯಲ್ಲಿ ಮಾತ್ರ ಆಘಾತೋತ್ತರ ಕಾಯಿಲೆ ಉಳಿದಿತ್ತು. ಬರಿಯ ಸಾಂತ್ವನದ ಸಮಾಲೋಚನೆ ಪಡೆದವರಲ್ಲಿ ಅದು ನೂರಕ್ಕೆ 79 ಮಂದಿಯಲ್ಲಿತ್ತು. ಗುಂಪು ಚಿಕ್ಕದು, ಆದ್ದರಿಂದ ಅತಿಯಾದ ತೀರ್ಮಾನ ಸಲ್ಲದು. ಆದರೂ ಈಸ್ಟ್ ಲಂಡನ್ ನಗರಭವನಕ್ಕೂ ಈ ಹಗ್ಗಕ್ಕೂ ನಡುವಿನ ಅಂತರ ಗಮನಿಸಬೇಕಾದದ್ದು. ಅಲ್ಲಿ ಒಮ್ಮೆ ಮಾತ್ರ, ಅಪರಿಚಿತರ ಮುಂದೆ, ಕ್ಯಾಮೆರಾಗಳ ಎದುರು, ಅತ್ಯಂತ ಕೆಟ್ಟ ದಿನವನ್ನಷ್ಟೇ ಹೇಳಬೇಕಿತ್ತು. ಇಲ್ಲಿ ಹಲವು ಬಾರಿ, ಪರಿಚಯವಾದವರ ಜೊತೆ, ಕಲ್ಲಿನ ಹಿಂದೆಮುಂದೆ ಇದ್ದ ಹೂವುಗಳನ್ನೂ ಸೇರಿಸಿಕೊಂಡು ಹೇಳಲಾಯಿತು, ದಾಖಲೆ ಹೇಳಿದವನಿಗೇ ಸೇರಿತು. ಮನಸ್ಸಿನ ಆರೈಕೆಯೆಂಬುದು ಧ್ವನಿಮುದ್ರಣದ ಕೋಣೆಯ ಹೊರಗೆ ಒಬ್ಬ ಆಪ್ತಸಮಾಲೋಚಕರನ್ನು ಕೂರಿಸಿದರೆ ಮುಗಿಯುವ ಏರ್ಪಾಡಲ್ಲ ಎಂದು ನಾನು ಹೇಳುವುದು ಈ ಕಾರಣಕ್ಕೆ. ಯಾರು ಕೇಳುತ್ತಾರೆ, ಎಷ್ಟು ಕಾಲ ಜೊತೆಗಿರುತ್ತಾರೆ, ಕೊನೆಗೆ ಕಥೆ ಯಾರ ಒಡೆತನದಲ್ಲಿ ಉಳಿಯುತ್ತದೆ ಎಂಬ ಪ್ರಶ್ನೆಗಳಲ್ಲೇ ಆರೈಕೆ ಅಡಗಿದೆ.

ಒಡೆತನದ ಪ್ರಶ್ನೆ ಆಫ್ರಿಕದಲ್ಲಿ ಇಷ್ಟು ಸೂಕ್ಷ್ಮವಾಗಿರುವುದಕ್ಕೆ ಐತಿಹಾಸಿಕ ಕಾರಣವಿದೆ. ಕೀನ್ಯಾದಲ್ಲಿ ಬ್ರಿಟಿಷ್ ಆಳ್ವಿಕೆಯ ವಿರುದ್ಧ ನಡೆದ ಮೌ ಮೌ ಬಂಡಾಯದ ಕಾಲದಲ್ಲಿ ಬಂಧನಶಿಬಿರಗಳಲ್ಲಿ ನಡೆದ ಚಿತ್ರಹಿಂಸೆಯ ಕಡತಗಳನ್ನು ಬ್ರಿಟಿಷರು ಸ್ವಾತಂತ್ರ್ಯದ ಹೊತ್ತಿಗೆ ಕೆಲವನ್ನು ನಾಶಪಡಿಸಿ ಉಳಿದವನ್ನು ಸಾಗಿಸಿಕೊಂಡು ಹೋದರು. ವೃದ್ಧ ಬಂಧಿತರು ಲಂಡನ್ನಿನ ನ್ಯಾಯಾಲಯದ ಮೆಟ್ಟಿಲೇರಿದ ಮೇಲೆಯೇ, ಅಂದರೆ 2011ರಲ್ಲಿ, ಹ್ಯಾನ್ಸ್‌ಲೋಪ್ ಪಾರ್ಕ್ ಎಂಬ ಬ್ರಿಟಿಷ್ ಸರ್ಕಾರಿ ಕೇಂದ್ರದಲ್ಲಿ ಗುಟ್ಟಾಗಿ ಇಟ್ಟಿದ್ದ ಆ ಕಡತಗಳು ಹೊರಬಂದವು. 2013ರ ಜೂನ್‌ನಲ್ಲಿ ಬ್ರಿಟಿಷ್ ಸರ್ಕಾರ 5,228 ಮಂದಿಗೆ ಸಂಬಂಧಿಸಿದಂತೆ 1.99 ಕೋಟಿ ಪೌಂಡ್‌ಗಳ ಇತ್ಯರ್ಥಕ್ಕೆ ಒಪ್ಪಿತು. ಐವತ್ತು ವರ್ಷ ತಮ್ಮ ಮಾತನ್ನು ಯಾರೂ ನಂಬದಿದ್ದುದರ ನೋವಿನ ಜೊತೆಗೆ, ಅದನ್ನು ಸಾಬೀತುಪಡಿಸುವ ಕಾಗದ ಅಷ್ಟೂ ಕಾಲ ಒಂದು ಕಪಾಟಿನಲ್ಲಿತ್ತು ಎಂಬ ಅರಿವಿನ ನೋವೂ ಆ ವೃದ್ಧರಿಗೆ ಸೇರಿಕೊಂಡಿತು.

ಅದೇ ಕೀನ್ಯಾದಲ್ಲಿ ಮನೋವೈದ್ಯಶಾಸ್ತ್ರವೂ ವಸಾಹತುಶಾಹಿಯ ಪರವಾಗಿ ನಿಂತಿತ್ತು. ನೈರೋಬಿಯ ಮಥಾರಿ ಮಾನಸಿಕ ಆಸ್ಪತ್ರೆಯಲ್ಲಿದ್ದ ಜೆ. ಸಿ. ಕರೋದರ್ಸ್ ಎಂಬ ವೈದ್ಯರು ವಿಶ್ವ ಆರೋಗ್ಯ ಸಂಸ್ಥೆಗಾಗಿ 1953ರಲ್ಲಿ ಬರೆದ ಗ್ರಂಥದಲ್ಲಿ ಸಾಮಾನ್ಯ ಆಫ್ರಿಕನ್ನನ ಮನಸ್ಸನ್ನು ಮಿದುಳಿನ ಮುಂಭಾಗದ ಶಸ್ತ್ರಚಿಕಿತ್ಸೆಗೆ ಒಳಗಾದ ಯೂರೋಪಿಯನ್ನನ ಮನಸ್ಸಿಗೆ ಹೋಲಿಸಿದ್ದರು. ಮರುವರ್ಷ ಅವರು ಮೌ ಮೌ ಹೋರಾಟವನ್ನೇ ಒಂದು ಮಾನಸಿಕ ಸಮಸ್ಯೆಯಂತೆ ವಿವರಿಸಿ ವಸಾಹತು ಸರ್ಕಾರಕ್ಕೆ ವರದಿ ಕೊಟ್ಟರು. ಇಂಥ ಇತಿಹಾಸ ಇರುವಲ್ಲಿ ನಿಮ್ಮ ಕಥೆಯನ್ನು ದಾಖಲಿಸುತ್ತೇವೆ, ನಿಮ್ಮ ಮನಸ್ಸನ್ನೂ ನೋಡಿಕೊಳ್ಳುತ್ತೇವೆ ಎಂದು ಹೊರಗಿನವರು ಹೇಳಿದಾಗ ಜನ ಹಿಂಜರಿದರೆ ಅದನ್ನು ಅಜ್ಞಾನವೆಂದು ತಳ್ಳಿಹಾಕುವಂತಿಲ್ಲ. ಕರೋದರ್ಸ್‌ಗೆ ಉತ್ತರವೂ ಆಫ್ರಿಕದಿಂದಲೇ ಬಂತು. ನೈಜೀರಿಯಾದ ಅಬೆಯೊಕುಟಾ ಬಳಿಯ ಅರೊದಲ್ಲಿ ಥಾಮಸ್ ಅಡಿಯೊಯೆ ಲಾಂಬೊ 1954ರಿಂದ ರೋಗಿಗಳನ್ನು ಬಂಧುಗಳ ಸಮೇತ ಸುತ್ತಲಿನ ಹಳ್ಳಿಗಳಲ್ಲೇ ಇರಿಸಿ, ನಾಟಿ ವೈದ್ಯರ ನೆರವನ್ನೂ ಪಡೆದು ಚಿಕಿತ್ಸೆ ನೀಡಿದರು. ಮನಸ್ಸಿನ ಕಾಯಿಲೆಗೆ ಊರು ಮತ್ತು ಬಂಧುಗಳು ಔಷಧದಷ್ಟೇ ಮುಖ್ಯ ಎಂಬುದನ್ನು ಅವರು ಆಗಲೇ ಆಚರಣೆಯಲ್ಲಿ ತೋರಿಸಿದ್ದರು.

ಸಮುದಾಯವೇ ಕಟ್ಟಿದ ದಾಖಲಾಗಾರ ಹೇಗಿರುತ್ತದೆ ಎಂಬುದಕ್ಕೆ ಕೇಪ್‌ಟೌನಿನ ಡಿಸ್ಟ್ರಿಕ್ಟ್ ಸಿಕ್ಸ್ ವಸ್ತುಸಂಗ್ರಹಾಲಯವನ್ನು ನೋಡಬೇಕು. 1966ರ ಫೆಬ್ರವರಿ 11ರಂದು ಆ ಬಡಾವಣೆಯನ್ನು ಬಿಳಿಯರಿಗೆ ಮೀಸಲೆಂದು ಘೋಷಿಸಿದ ಸರ್ಕಾರ ಮುಂದಿನ ವರ್ಷಗಳಲ್ಲಿ ಸುಮಾರು 60,000 ಜನರನ್ನು ಹೊರಹಾಕಿ ಮನೆಗಳನ್ನು ಬುಲ್‌ಡೋಜರ್‌ಗಳಿಂದ ಕೆಡವಿತು. 1994ರ ಡಿಸೆಂಬರ್‌ನಲ್ಲಿ ಅಲ್ಲಿನ ಹಳೆಯ ಮೆಥಡಿಸ್ಟ್ ಚರ್ಚಿನಲ್ಲಿ ಒಂದು ಪ್ರದರ್ಶನ ತೆರೆಯಿತು. ಕೆಡವುವ ಕೆಲಸದಲ್ಲಿದ್ದವರೊಬ್ಬರು ಎಸೆಯದೆ ಕಾಪಾಡಿಕೊಂಡಿದ್ದ ಬೀದಿಗಳ ನಾಮಫಲಕಗಳನ್ನು ಅಲ್ಲಿ ತೂಗುಹಾಕಲಾಯಿತು, ನೆಲಕ್ಕೆ ಬಡಾವಣೆಯ ದೊಡ್ಡ ನಕ್ಷೆಯನ್ನು ಹಾಸಲಾಯಿತು. ಹಳೆಯ ನಿವಾಸಿಗಳು ಬಂದು ಮೊಣಕಾಲೂರಿ ತಮ್ಮ ಮನೆಯಿದ್ದ ಜಾಗದಲ್ಲಿ ಕುಟುಂಬದ ಹೆಸರು ಬರೆದರು. ಬಿಳಿ ಬಟ್ಟೆಯ ಮೇಲೆ ಅವರು ಬರೆದ ಸಾಲುಗಳ ಮೇಲೆ ಆಮೇಲೆ ಕಸೂತಿ ಹಾಕಲಾಯಿತು. ಇಲ್ಲಿ ಯಾರೂ ಅವರನ್ನು ನಿಮ್ಮ ಬದುಕಿನ ಅತಿ ಕೆಟ್ಟ ದಿನ ಯಾವುದೆಂದು ಕೇಳಲಿಲ್ಲ. ಯಾವ ಅಂಗಡಿ ಎಲ್ಲಿತ್ತು, ಯಾರ ಮನೆಯಲ್ಲಿ ಹಾಡು ಕೇಳುತ್ತಿತ್ತು ಎಂಬುದರಿಂದ ಮಾತು ಆರಂಭವಾಗಿ, ಒಕ್ಕಲೆಬ್ಬಿಸಿದ ದಿನಕ್ಕೆ ಅದು ಬರುವುದೋ ಬೇಡವೋ ಎಂಬುದು ಹೇಳುವವರಿಗೇ ಬಿಟ್ಟಿತ್ತು. ಪಕ್ಕದಲ್ಲಿ ಹಳೆಯ ನೆರೆಯವರಿದ್ದರು. ಜೊತೆಗೆ ಕಳೆದುಕೊಂಡ ನೆಲವನ್ನು ಮರಳಿ ಪಡೆಯುವ ಹೋರಾಟಕ್ಕೂ ಈ ಸಂಗ್ರಹಾಲಯಕ್ಕೂ ನೇರ ನಂಟಿತ್ತು. ನೆನಪು ಒಂದು ಬೇಡಿಕೆಯ ಭಾಗವಾದಾಗ ಹೇಳಿದವರು ಬರಿಯ ಸಂತ್ರಸ್ತರಾಗಿ ಉಳಿಯುವುದಿಲ್ಲ, ಹಕ್ಕುದಾರರಾಗುತ್ತಾರೆ. ಆಯೋಗದ ಮುಂದೆ ಹೇಳಿಕೆ ಕೊಟ್ಟು, 2003ರಲ್ಲಿ ಘೋಷಣೆಯಾದ 30,000 ರಾಂಡ್‌ಗಳ ಒಂದೇ ಕಂತಿನ ಪರಿಹಾರಕ್ಕೆ ತೃಪ್ತಿಪಡಬೇಕಾಗಿ ಬಂದ ಸಂತ್ರಸ್ತರ ಕಹಿಯನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ ನ್ಯಾಯವಿಲ್ಲದ ದಾಖಲೆ ಮನಸ್ಸನ್ನು ಏಕೆ ಸಂತೈಸಲಾರದು ಎಂಬುದು ತಿಳಿಯುತ್ತದೆ. ಆ ಸಂತ್ರಸ್ತರೇ 1995ರಲ್ಲಿ ಕಟ್ಟಿಕೊಂಡ ಖುಲುಮಾನಿ ಬೆಂಬಲ ಗುಂಪು ಇಂದಿಗೂ ಪರಿಹಾರಕ್ಕಾಗಿ ಹೋರಾಡುತ್ತಿದೆ.

ಕ್ವಾಝುಲು-ನಟಾಲ್ ವಿಶ್ವವಿದ್ಯಾಲಯದ ಸಿನೊಮ್ಲಾಂಡೊ ಕೇಂದ್ರ ಮಾಡಿದ ಕೆಲಸ ಇನ್ನೂ ಸಣ್ಣ ಅಳತೆಯದು, ಆದರೆ ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಆಳವಾದದ್ದು. ಏಡ್ಸ್‌ನಿಂದ ತಂದೆ ತಾಯಿ ಸಾಯುತ್ತಿದ್ದ, ಔಷಧ ಇನ್ನೂ ಬಡವರಿಗೆ ಎಟುಕದಿದ್ದ ವರ್ಷಗಳಲ್ಲಿ ಅಲ್ಲಿನ ಕಾರ್ಯಕರ್ತರು ಮನೆಗೆ ಹೋಗಿ, ಕಾಯಿಲೆಯಲ್ಲಿರುವ ತಾಯಿಯೋ ಅಜ್ಜಿಯೋ ಮಕ್ಕಳಿಗೆ ಕುಟುಂಬದ ಕಥೆ ಹೇಳುವುದನ್ನು ಬರೆದುಕೊಂಡು, ಅದನ್ನು ಫೋಟೊ, ಪತ್ರ, ಸಣ್ಣಪುಟ್ಟ ವಸ್ತುಗಳ ಜೊತೆ ಒಂದು ನೆನಪಿನ ಪೆಟ್ಟಿಗೆಯಲ್ಲಿ ಇಡಲು ನೆರವಾದರು. ಉಗಾಂಡಾದಲ್ಲಿ ಎಚ್‌ಐವಿ ಪೀಡಿತ ತಾಯಂದಿರು ಮಕ್ಕಳಿಗಾಗಿ ನೆನಪಿನ ಪುಸ್ತಕ ಬರೆಯುವ ಕ್ರಮ ಇದಕ್ಕೂ ಮೊದಲೇ ಇತ್ತು. ಆ ಪೆಟ್ಟಿಗೆ ಮಗುವಿನದು. ಮನೆಯಲ್ಲಿ ಯಾರೂ ಬಾಯಿ ಬಿಡದ ಸಾವಿನ ಬಗ್ಗೆ ಮಗು ಕೇಳಬಹುದಾದ ಪ್ರಶ್ನೆಗೆ ಅಲ್ಲೊಂದು ಉತ್ತರವಿರುತ್ತದೆ. ಸಂಶೋಧಕರಿಗೆ ಎಂದೂ ಕಾಣಸಿಗದ ದಾಖಲೆಗೂ ಪೂರ್ಣ ಬೆಲೆಯಿದೆ ಎಂದು ಒಪ್ಪುವುದು ಸಂಸ್ಥೆಗಳಿಗೆ ಕಷ್ಟವಾಗುತ್ತದೆ, ಏಕೆಂದರೆ ಅನುದಾನದ ವರದಿಯಲ್ಲಿ ತೋರಿಸಲು ಏನೂ ಇರುವುದಿಲ್ಲ.

ಕೇಳಿಸಿಕೊಳ್ಳುವವರ ಮಾತನ್ನೂ ಹೇಳಬೇಕು. ದಕ್ಷಿಣ ಆಫ್ರಿಕದ ಆಯೋಗದಲ್ಲಿ ದುಭಾಷಿಗಳು ಸಾಕ್ಷಿಗಳ ಮಾತನ್ನು ಉತ್ತಮ ಪುರುಷದಲ್ಲೇ ಅನುವಾದಿಸಬೇಕಿತ್ತು. ನನ್ನ ಮಗನನ್ನು ಕೊಂದರು ಎಂದು ತಾಯಿ ಹೇಳಿದರೆ ದುಭಾಷಿಯೂ ನನ್ನ ಮಗನನ್ನು ಕೊಂದರು ಎಂದೇ ಹೇಳಬೇಕು. ಮರುಕ್ಷಣ ಕೊಂದವನ ಮಾತನ್ನೂ ನಾನು ಕೊಂದೆ ಎಂದೇ ಹೇಳಬೇಕು. ಆ ಕೆಲಸ ಅವರಲ್ಲಿ ಹಲವರ ಮೇಲೆ ಉಳಿಸಿದ ಗಾಯದ ಬಗ್ಗೆ ಅವರೇ ನಂತರ ಮಾತಾಡಿದ್ದಾರೆ. ರುವಾಂಡಾದ ಗಚಾಚ ಕಡತಗಳನ್ನು ಸ್ಕ್ಯಾನ್ ಮಾಡುವವರ, ವಿಷಯಸೂಚಿ ತಯಾರಿಸುವವರ ಪೈಕಿ ಅನೇಕರಿಗೆ ಆ ಪುಟಗಳಲ್ಲಿ ಸ್ವಂತ ಊರಿನ ಹೆಸರು ಎದುರಾಗುತ್ತದೆ. ಹೊರಗಿನಿಂದ ಬಂದ ಸಂಶೋಧಕ ಮನೆಗೆ ಹಿಂದಿರುಗುತ್ತಾನೆ. ಸಮುದಾಯದ ದಾಖಲೆಗಾರ್ತಿಗೆ ಹಿಂದಿರುಗಲು ಬೇರೆ ಊರಿಲ್ಲ. ಆದ್ದರಿಂದ ಸಮುದಾಯದವರ ಕೈಗೇ ಕೆಲಸ ಕೊಟ್ಟೆವೆಂಬ ಸಮಾಧಾನ ಅರ್ಧ ಮಾತ್ರ ಸರಿ. ಅವರಿಗೆ ಸಂಬಳ, ಬಿಡುವು, ಒಬ್ಬರೇ ಕೂತು ಕೇಳದಂತೆ ಜೊತೆಗಾರರು, ಈ ಕಡತ ನನ್ನಿಂದಾಗದು ಎನ್ನುವ ಹಕ್ಕು ಇವೆಲ್ಲ ಇರದಿದ್ದರೆ ಹಿಂದೆ ಸಂಸ್ಥೆ ಹೊತ್ತ ಭಾರವನ್ನು ಬಡವರ ಹೆಗಲಿಗೆ ದಾಟಿಸಿದಂತಾಗುತ್ತದೆ.

ತಜ್ಞರ ಕೊರತೆಯನ್ನು ಮುಂದಿಟ್ಟು ಇದೆಲ್ಲ ಅಸಾಧ್ಯವೆನ್ನುವವರಿದ್ದಾರೆ. ಆಫ್ರಿಕ ವಲಯದಲ್ಲಿ ಐದು ಲಕ್ಷ ಜನರಿಗೆ ಒಬ್ಬ ಮನೋವೈದ್ಯರಿದ್ದಾರೆಂದು 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿತ್ತು. ಆದರೆ ಝಿಂಬಾಬ್ವೆಯ ಮನೋವೈದ್ಯ ಡಿಕ್ಸನ್ ಚಿಬಾಂಡ 2006ರಲ್ಲಿ ಹರಾರೆಯ ಎಂಬಾರೆ ಬಡಾವಣೆಯಲ್ಲಿ ಶುರುಮಾಡಿದ ಸ್ನೇಹದ ಬೆಂಚು ಬೇರೆಯದೇ ದಾರಿ ತೋರಿಸಿತು. ಆರೋಗ್ಯ ಕೇಂದ್ರದ ಅಂಗಳದ ಮರದ ಬೆಂಚಿನ ಮೇಲೆ ತರಬೇತಿ ಪಡೆದ ಅಜ್ಜಿಯರು ಕೂತು, ಬಂದವರ ಸಂಕಟ ಕೇಳಿ, ಅದರಲ್ಲಿ ಮೊದಲು ಬಿಡಿಸಬಹುದಾದ ಒಂದು ತೊಡಕನ್ನು ಅವರಿಂದಲೇ ಆರಿಸಿ ಹೆಜ್ಜೆ ಹಾಕಿಸುತ್ತಾರೆ. 573 ಮಂದಿಯ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಈ ಬೆಂಚಿಗೆ ಬಂದವರ ಮಾನಸಿಕ ತೊಂದರೆಯ ಲಕ್ಷಣಗಳು ಆರು ತಿಂಗಳ ನಂತರ ಉಳಿದವರಿಗಿಂತ ಸ್ಪಷ್ಟವಾಗಿ ಕಡಿಮೆಯಿದ್ದವು. ಊರಿನ ಕಥೆಗಳೂ ಅಜ್ಜಿಯರ ಬಳಿಯೇ ಇರುವಾಗ, ಮೌಖಿಕ ಇತಿಹಾಸದ ಯೋಜನೆಗಳು ಇಂಥ ವ್ಯವಸ್ಥೆಯ ಜೊತೆ ಮೊದಲ ದಿನದಿಂದಲೇ ಕೈಜೋಡಿಸದಿರುವುದಕ್ಕೆ ನನಗೆ ಸಕಾರಣ ಕಾಣುವುದಿಲ್ಲ.

ಒಪ್ಪಿಗೆಯ ವಿಷಯದಲ್ಲಿ ದಕ್ಷಿಣ ಆಫ್ರಿಕದ ಮೂಲನಿವಾಸಿಗಳಾದ ಸಾನ್ ಜನ ಒಂದು ಹೆಜ್ಜೆ ಮುಂದಿದ್ದಾರೆ. ಸಾನ್ ಹಿರಿಯರ ವಂಶವಾಹಿಗಳ ಕುರಿತ 2010ರ ಅಧ್ಯಯನವೊಂದು ತಮ್ಮ ನಾಯಕರನ್ನು ಕೇಳದೆ ನಡೆಯಿತು, ಅದರ ಭಾಷೆ ಅವಮಾನಕರವಾಗಿತ್ತು ಎಂಬ ಅಸಮಾಧಾನ ಬೆಳೆದು, 2017ರ ಮಾರ್ಚ್‌ನಲ್ಲಿ ಅವರು ತಮ್ಮದೇ ಸಂಶೋಧನಾ ನೀತಿಸಂಹಿತೆಯನ್ನು ಪ್ರಕಟಿಸಿದರು. ಗೌರವ, ಪ್ರಾಮಾಣಿಕತೆ, ನ್ಯಾಯಗಳ ಜೊತೆಗೆ ಆರೈಕೆಯನ್ನೂ ಅವರು ಅದರಲ್ಲಿ ಒಂದು ಮೌಲ್ಯವಾಗಿ ಸೇರಿಸಿದ್ದಾರೆ. ಒಮ್ಮೆ ಸಹಿ ಹಾಕಿಸಿಕೊಂಡರೆ ಸಾಕೆಂಬ ಪದ್ಧತಿ ಅಂತರ್ಜಾಲದ ಕಾಲಕ್ಕೆ ಸಲ್ಲುವುದೂ ಇಲ್ಲ. ಹಳ್ಳಿಯ ಸಂಗ್ರಹಕ್ಕೆಂದು ಕೊಟ್ಟ ಧ್ವನಿ ನಾಳೆ ಜಗತ್ತಿನ ಯಾವ ಮೂಲೆಯಲ್ಲಾದರೂ ಕೇಳಿಸಬಹುದು, ಕೃತಕ ಬುದ್ಧಿಮತ್ತೆಯ ಯಂತ್ರಗಳ ತರಬೇತಿಗೂ ಬಳಕೆಯಾಗಬಹುದು. ಆದ್ದರಿಂದ ಪ್ರತಿ ಹೊಸ ಬಳಕೆಗೂ ಮತ್ತೆ ಕೇಳುವುದು, ಹಿಂತೆಗೆದುಕೊಳ್ಳಲು ಬಿಡುವುದು, ಕೆಲವು ಭಾಗಗಳನ್ನು ಕುಟುಂಬಕ್ಕೆ ಮಾತ್ರ ತೆರೆದಿಡುವುದು ಅಗತ್ಯ.

ಕರ್ನಾಟಕಕ್ಕೆ ಇದು ದೂರದ ಮಾತಲ್ಲ. ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ, ಜೋಯಿಡಾ ಕಾಡಂಚಿನ ಸಿದ್ದಿಗಳ ಪೂರ್ವಜರಲ್ಲಿ ಅನೇಕರು ಪೋರ್ಚುಗೀಸರ ಗೋವೆಯಿಂದ ಗುಲಾಮಗಿರಿಯನ್ನು ತಪ್ಪಿಸಿಕೊಂಡು ಘಟ್ಟ ಹತ್ತಿದ ಆಫ್ರಿಕನ್ನರು. ಉತ್ತರ ಕನ್ನಡದ ಸಿದ್ದಿಗಳು 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. ಅವರ ಡಮಾಮಿ ಕುಣಿತವನ್ನು ಚಿತ್ರಿಸಿದವರು ಬಹಳ. 2011ರಲ್ಲಿ ಪ್ರಕಟವಾದ ವಂಶವಾಹಿ ಅಧ್ಯಯನ ಆಫ್ರಿಕದ ಬಂಟು ಭಾಷಿಕರಲ್ಲಿ ಅವರ ಮೂಲವನ್ನು ಗುರುತಿಸಿತು. ತಮ್ಮದೇ ರಾಜ್ಯದ ನಗರಗಳಲ್ಲಿ ಯಾವ ದೇಶದವರೆಂದು ಕೇಳಿಸಿಕೊಳ್ಳುವ, ಶಾಲೆಯಲ್ಲಿ ಕೂದಲಿಗೆ ಬಣ್ಣಕ್ಕೆ ಹಂಗಿಸಿಕೊಳ್ಳುವ ಅನುಭವವನ್ನು ಸಿದ್ದಿ ಯುವಕರು ಮತ್ತೆ ಮತ್ತೆ ಹೇಳಿದ್ದಾರೆ. ಅವರ ಕಥೆಯನ್ನು ದಾಖಲಿಸುವವರ ಮುಂದೆ ಆಫ್ರಿಕದ ನೆನಪಿನ ಜೊತೆ ಈ ಅವಮಾನವೂ ಬಂದು ಕೂರುತ್ತದೆ.

ಸಿದ್ದಿ ಹೆಂಗಸರು ಹಳೆಯ ಸೀರೆ, ಅಂಗಿಗಳ ತುಂಡು ಕೂಡಿಸಿ ಹೊಲಿಯುವ ಕವದಿಯ ಮೂಲೆಗಳಲ್ಲಿ ಮಡಿಸಿದ ಬಟ್ಟೆಯ ಹೂಗಳಿರುತ್ತವೆ, ಅವಿಲ್ಲದಿದ್ದರೆ ಕವದಿ ಬೆತ್ತಲೆಯೆನ್ನುತ್ತಾರೆ. ತೀರಿಕೊಂಡವರ ಬಟ್ಟೆ, ಮೊಮ್ಮಗುವಿನ ಬಟ್ಟೆ ಒಂದೇ ಕವದಿಯಲ್ಲಿ ಸೇರಬಹುದಾದ ಈ ಕಲೆಯ ಸುತ್ತ ಕೂತಲ್ಲಿ ಮಾತು ತಾನಾಗಿ ಹುಟ್ಟುತ್ತದೆ. ಕೈಗೆ ಕೆಲಸವಿರುತ್ತದೆ, ಬೇಕೆಂದಾಗ ಮೌನವಾಗಬಹುದು, ಪಕ್ಕದಲ್ಲಿರುವವಳು ಮಾತನ್ನು ಮುಂದುವರಿಸಬಹುದು. ಡರ್ಬನ್ನಿನ ಸುತ್ತಲಿನ ಹೆಂಗಸರು ಹಿಂಸೆಯ ವರ್ಷಗಳನ್ನು ಸ್ಮರಣೆಯ ಬಟ್ಟೆಗಳ ಮೇಲೆ ಕಸೂತಿ ಮಾಡಿ ದಾಖಲಿಸಿದ್ದು ಹೀಗೆಯೇ. ಸಿದ್ದಿ ದಾಖಲೀಕರಣಕ್ಕೆ ಹೊರಟವರು ಧ್ವನಿಮುದ್ರಕ ತೆಗೆಯುವ ಮೊದಲು ಈ ಕೂಟಗಳ ಅನುಮತಿ ಕೇಳಬೇಕು. ಇದುವರೆಗೆ ಸಂಗ್ರಹವಾಗಿ ವಿಶ್ವವಿದ್ಯಾಲಯಗಳಲ್ಲಿ, ಖಾಸಗಿ ಸಂಗ್ರಹಗಳಲ್ಲಿ ಉಳಿದಿರುವ ಹಾಡು, ಫೋಟೊ, ಸಂದರ್ಶನಗಳ ಪ್ರತಿಗಳನ್ನು ಆಯಾ ಹಳ್ಳಿಗೆ ಹಿಂದಿರುಗಿಸಬೇಕು. ಸಿದ್ದಿ ಪದವೀಧರರಿಗೆ ದಾಖಲೆಗಾರರಾಗಿ ಸಂಬಳದ ಕೆಲಸ ಕೊಟ್ಟು, ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡವನ್ನೂ ಫೋನಿನಲ್ಲೇ ಮಾನಸಿಕ ನೆರವು ನೀಡುವ 14416 ಸಂಖ್ಯೆಯ ಟೆಲಿ ಮಾನಸ್ ಸೇವೆಯನ್ನೂ ಕೆಲಸ ಆರಂಭವಾಗುವ ಮೊದಲೇ ಅವರಿಗೆ ಪರಿಚಯಿಸಬೇಕು. ಯಾವ ಕಥೆ ಹೊರಗೆ ಹೋಗಬೇಕು, ಯಾವುದು ಹಾಡಿಯೊಳಗೇ ಉಳಿಯಬೇಕು ಎಂಬುದನ್ನು ಆ ಹೆಂಗಸರೂ ಹಿರಿಯರೂ ಕೂತು ನಿರ್ಧರಿಸಲಿ. ಆ ನಿರ್ಧಾರಕ್ಕೆ ಎಷ್ಟು ವರ್ಷ ಹಿಡಿದರೂ ಯೋಜನೆಯ ಗಡುವು ಅದಕ್ಕಾಗಿ ಕಾಯಬೇಕು.